ಕಾಲಿನ ಆಣಿಗೆ ಬಿಸಿನೀರು: ಎಷ್ಟು ಹೊತ್ತು, ಆಮೇಲೇನು?

ಬಿಸಿನೀರಿಗೆ ಆಣಿ ಕರಗುವುದಿಲ್ಲ, ಮೆತ್ತಗಾಗುತ್ತದೆ ಅಷ್ಟೆ. ಮೆತ್ತಗಾದದ್ದನ್ನು ಉಜ್ಜಿ ತೆಗೆದಾಗಲೇ ನೋವು ಇಳಿಯುವುದು.

ಸಕ್ಕರೆ ಕಾಯಿಲೆ ಇದ್ದವರು, ಪಾದದಲ್ಲಿ ಸ್ಪರ್ಶ ಅಥವಾ ರಕ್ತಸಂಚಾರ ಕಡಿಮೆ ಇರುವವರು ಇದನ್ನು ಮನೆಯಲ್ಲಿ ಮಾಡಲೇಬಾರದು. ಸುಟ್ಟರೂ ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ವೈದ್ಯರಿಗೇ ತೋರಿಸಿ.

ಅದು ಆಣಿಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಆಣಿಯನ್ನು ಮೇಲಿಂದ ಒತ್ತಿದರೆ ಮೊಳೆ ಚುಚ್ಚಿದ ಹಾಗೆ ನೋಯುತ್ತದೆ. ಎರಡೂ ಬದಿಯಿಂದ ಹಿಂಡಿದಾಗ ನೋವು ಹೆಚ್ಚಾಗಿ, ಒಳಗೆ ಕಪ್ಪು ಚುಕ್ಕೆಗಳು ಕಂಡರೆ ಅದು ನರಹುಲಿ ಇರಬಹುದು, ಉಜ್ಜಿದರೆ ಹರಡುತ್ತದೆ.

ಪಾದ ಮುಳುಗುವಷ್ಟು ನೀರು ಸಾಕು, ಬಿಸಿ 37–40 ಡಿಗ್ರಿ ಸೆಲ್ಸಿಯಸ್. ಮೊಣಕೈ ಅದ್ದಿ ನೋಡಿ, ಹಿತವಾಗಿರಬೇಕು. 10–15 ನಿಮಿಷ ನೆನೆಸಿ. ಉಪ್ಪು ಹಾಕಲೇಬೇಕೆಂದಿಲ್ಲ. ಅರ್ಧ ಗಂಟೆ ಕೂತರೆ ಸುತ್ತಲಿನ ಒಳ್ಳೆಯ ಚರ್ಮವೂ ನೆನೆದು ಬೆಳ್ಳಗಾಗುತ್ತದೆ, ಉಜ್ಜುವಾಗ ಅದೇ ಮೊದಲು ಕಿತ್ತುಬರುತ್ತದೆ. ಬೆರಳ ಸಂದಿಯ ಮೆತ್ತನೆಯ ಆಣಿ ಮೊದಲೇ ಬೆವರಿಗೆ ನೆಂದಿರುತ್ತದೆ. ಅದನ್ನು ನೆನೆಸಬೇಡಿ, ಒಣಗಿಸಿಡಿ.

ಈಗ ಒದ್ದೆ ಪ್ಯೂಮಿಸ್ ಕಲ್ಲಿನಿಂದ (ಕಾಲು ಉಜ್ಜುವ, ತೂತುತೂತಾದ ಹಗುರ ಕಲ್ಲು) ಒಂದೇ ದಿಕ್ಕಿಗೆ, ಹಗುರವಾಗಿ, ಒಂದೆರಡು ನಿಮಿಷ ಉಜ್ಜಿ. ಬಿಳಿ ಹಿಟ್ಟಿನಂಥದ್ದು ಬರುತ್ತದೆ. ಗುಲಾಬಿ ಬಣ್ಣ ಕಂಡರೆ, ಉರಿದರೆ ಅಲ್ಲಿಗೇ ನಿಲ್ಲಿಸಿ. ನಡುವಿನ ತಿರುಳನ್ನು ಒಂದೇ ದಿನ ತೆಗೆಯಲು ಹೋಗಿಯೇ ಹೆಚ್ಚಿನವರು ಗಾಯ ಮಾಡಿಕೊಳ್ಳುವುದು. ಬ್ಲೇಡ್ ಅಂತೂ ಮುಟ್ಟಲೇಬೇಡಿ.

ಒರೆಸಿ, ಬೆರಳ ಸಂದಿ ಬಿಟ್ಟು, 10–20% ಯೂರಿಯಾ ಇರುವ ಕ್ರೀಮ್ ಹಚ್ಚಿ. ವಾರಕ್ಕೆ 3–4 ಸಲದಂತೆ ಕೆಲವು ವಾರ ಮುಂದುವರಿಸಿ. ಸ್ಯಾಲಿಸಿಲಿಕ್ ಆಮ್ಲದ ಆಣಿಪಟ್ಟಿ ಬಳಸುವುದಾದರೆ ಆಣಿಯ ಅಳತೆಗೇ ಕತ್ತರಿಸಿ. ಆ ಆಮ್ಲ ಒಳ್ಳೆಯ ಚರ್ಮವನ್ನೂ ಸುಲಿಯುತ್ತದೆ.

ಇಷ್ಟಾದರೂ ಆಣಿ ಮರಳಿ ಬರುತ್ತಿದ್ದರೆ ಚಪ್ಪಲಿ, ಶೂ ನೋಡಿ. ಕಾಗದದ ಮೇಲೆ ನಿಂತು ಪಾದದ ಗೆರೆ ಎಳೆದು, ಅದರ ಮೇಲೆ ಶೂ ಇಡಿ. ಗೆರೆ ಶೂವಿನಿಂದ ಹೊರಗೆ ಇಣುಕಿದರೆ ಆ ಶೂ ಬಿಗಿ. ಉದ್ದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗವೂ ಇರಬೇಕು. ಬಿಗಿ ಶೂ ಬದಲಿಸುವವರೆಗೆ ಆಣಿಯ ಸುತ್ತ ಉಂಗುರದಂಥ ಮೆತ್ತನೆ ಪ್ಯಾಡ್ ಅಂಟಿಸಿದರೆ ಒತ್ತಡ ಆಣಿಯ ಮೇಲೆ ಬೀಳುವುದಿಲ್ಲ.

ಕೆಂಪಾಗಿ ಬಾತರೆ, ಕೀವು ಕಂಡರೆ ನೆನೆಸುವುದನ್ನು ನಿಲ್ಲಿಸಿ ಅದೇ ದಿನ ವೈದ್ಯರಲ್ಲಿಗೆ ಹೋಗಿ.