ಮಳೆಗಾಲದಲ್ಲಿ ಹಳೇ ಓಮ್ನಿ ಹಿಡಿಯದಿದ್ದರೆ: ಕಾಯಿಲ್‌ಗೆ ಕೈ ಹಾಕುವ ಮೊದಲು

ಮಲೆನಾಡಿನಲ್ಲಿ ಹಳೇ ಓಮ್ನಿ ಇಟ್ಟುಕೊಂಡವರಿಗೆ ಜೂನ್ ಬಂತು ಅಂದರೆ ಎದೆಯಲ್ಲಿ ಸಣ್ಣ ಅಳುಕು. ರಾತ್ರಿಯೆಲ್ಲ ಮಳೆ ಹೊಯ್ದಿರುತ್ತದೆ. ಬೆಳಿಗ್ಗೆ ಮಕ್ಕಳು ಶಾಲೆಗೆ ತಯಾರಾಗಿ ಕೂತಿರುತ್ತಾರೆ, ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತಲೇ ಇರುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ.

ನಮ್ಮ ಗಾಡಿ ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯದು. ಒಂದು ಮಳೆಗಾಲದಲ್ಲಿ ಒಂದು ಗ್ಯಾರೇಜಿನವರು ಮೊದಲು ಕಾಯಿಲ್ (ಬ್ಯಾಟರಿಯ 12 ವೋಲ್ಟನ್ನು ಕಿಡಿಗೆ ಬೇಕಾದ ಸಾವಿರಾರು ವೋಲ್ಟಿಗೆ ಏರಿಸುವ ಭಾಗ) ಬದಲಾಯಿಸಿದರು, ಆಮೇಲೆ ಪ್ಲಗ್, ಆಮೇಲೆ ಬ್ಯಾಟರಿ, ಹೀಗೆ ದುಡ್ಡು ಹೋಗುತ್ತಲೇ ಇತ್ತು. ಕೊನೆಗೆ ನೋಡಿದರೆ ಇಂಜಿನ್ನಿಂದ ಗಾಡಿಯ ಲೋಹದ ಮೈಗೆ ಬರುವ ಅರ್ತ್ ಪಟ್ಟಿಯ ಬೋಲ್ಟು ತುಕ್ಕು ಹಿಡಿದಿತ್ತು. ಅವತ್ತಿನಿಂದ ನಾನು ಕರೆಂಟ್ ಹೋಗುವ ದಾರಿಯಲ್ಲೇ ಬ್ಯಾಟರಿಯಿಂದ ಪ್ಲಗ್‌ವರೆಗೆ ಹುಡುಕುತ್ತಾ ಹೋಗುತ್ತೇನೆ. ಇಲ್ಲಿ ಹೇಳುವುದೆಲ್ಲ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ), ಡಿಸ್ಟ್ರಿಬ್ಯೂಟರ್ (ಕಾಯಿಲ್‌ನ ಕರೆಂಟನ್ನು ಒಂದೊಂದೇ ಪ್ಲಗ್ಗಿಗೆ ಹಂಚುವ ಭಾಗ) ಇರುವ ಗಾಡಿಗೆ. ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಐ ಗಾಡಿಯ ಕಥೆ ಬೇರೆ.

ಒಂದು ಮಲ್ಟಿಮೀಟರ್, ಎರಡು ವೈರ್ ಕಟ್ಟಿದ 12 ವೋಲ್ಟ್ ಬಲ್ಬು, ಪ್ಲಗ್ ಪಾನಾ, ಸ್ಯಾಂಡ್‌ಪೇಪರ್, ಒಣ ಬಟ್ಟೆ ಇದ್ದರೆ ಸಾಕು. ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್ ಮಾಡಿ, ಮುಂದಿನ ಸೀಟು ಎತ್ತಿ. ಇಂಜಿನ್ ಸೀಟಿನ ಕೆಳಗೇ ಇದೆ ಅಲ್ವಾ, ಅದಕ್ಕೇ ಪೆಟ್ರೋಲ್ ಅಥವಾ ಗ್ಯಾಸ್ ವಾಸನೆ ಇದ್ದರೆ ಕಿಡಿ ಪರೀಕ್ಷೆಗೆ ಹೋಗಲೇಬೇಡಿ. ಪ್ಲಗ್ ವೈರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಬರಿಗೈಯಲ್ಲಿ ಹಿಡಿದು ಶೂರತನ ತೋರಿಸುವುದು ಬೇಡ.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಬಂದರೆ ಚಾರ್ಜ್ ಸರಿ ಇದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನೇ ಅನುಮಾನಿಸಿ. ಇನ್ನು ಅರ್ತ್. ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಇಂಜಿನ್ನಿನ ಬರಿ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಎಲ್ಲೋ ತುಕ್ಕು ಕೂತಿದೆ ಅಂತಲೇ ಅರ್ಥ. ಪಟ್ಟಿ ಬಿಚ್ಚಿ, ಎರಡೂ ತುದಿ ಉಜ್ಜಿ, ಬಿಗಿಯಾಗಿ ಹಾಕಿ. ಸೆಲ್ಫ್ ಎಳೆದೆಳೆದು ತಿರುಗುತ್ತಿದ್ದರಂತೂ ಇದನ್ನು ಬಿಡಲೇಬೇಡಿ, ಯಾಕಂದರೆ ಸೆಲ್ಫೇ ಇರುವ ಕರೆಂಟನ್ನೆಲ್ಲ ಎಳೆದುಕೊಂಡರೆ ಕಾಯಿಲ್‌ಗೆ ಉಳಿಯುವುದು ಏನು?

ಬ್ಯಾಟರಿ, ಅರ್ತ್ ಎರಡೂ ಸರಿ ಇದ್ದರೆ ಕಿಡಿ ನೋಡಿ. ಒಂದು ಪ್ಲಗ್ ಬಿಚ್ಚಿ, ಅದರ ವೈರಿಗೇ ಸಿಕ್ಕಿಸಿ, ಪ್ಲಗ್ಗಿನ ಮೈ ಇಂಜಿನ್ನಿಗೆ ತಾಗುವಂತೆ ಇಡಿ. ಪ್ಲಗ್ ಬಿಚ್ಚಿದ ತೂತಿನಿಂದಲೂ ಕಾರ್ಬುರೇಟರಿನಿಂದಲೂ ದೂರ ಇರಲಿ. ಇನ್ನೊಬ್ಬರು ಕೀ ತಿರುಗಿಸಲಿ. ಚಟ್ ಚಟ್ ಅಂತ ನೀಲಿ ಕಿಡಿ ಬಂದರೆ ಇಗ್ನಿಷನ್ ಬಹುಮಟ್ಟಿಗೆ ಸರಿ ಇದೆ, ಪೆಟ್ರೋಲ್ ಕಡೆ ನೋಡಿ. ಹಳದಿ, ಬಡಕಲು ಕಿಡಿ ಬಂದರೆ ಅಥವಾ ಏನೂ ಬರದಿದ್ದರೆ ಮುಂದೆ ಓದಿ. ಗ್ಯಾಸ್ ಕಿಟ್ ಹಾಕಿಸಿದವರಿಗೆ ಇದು ಬೇಗ ಕಾಡುತ್ತದೆ, ಗ್ಯಾಸ್ ಹತ್ತಲು ಇನ್ನೂ ಜೋರು ಕಿಡಿ ಬೇಕು.

ಈಗ ಬಲ್ಬಿನ ಕೆಲಸ. ಕೀ ಆನ್ ಮಾಡಿ ಕಾಯಿಲ್‌ನ ಪ್ಲಸ್‌ನಲ್ಲಿ ಕರೆಂಟ್ ಇದೆಯಾ ನೋಡಿ. ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ರೆಸಿಸ್ಟರ್ ಇರುವ ಗಾಡಿಯಲ್ಲಿ ಬೆಳಕು ಸ್ವಲ್ಪ ಮಂದ ಇರಬಹುದು, ಅದಕ್ಕೆ ಹೆದರಬೇಡಿ. ಬಲ್ಬು ಉರಿಯದಿದ್ದರೆ ಫ್ಯೂಸ್, ಕನೆಕ್ಟರ್, ಕೀ ಸ್ವಿಚ್, ಮತ್ತೆ ಇಲಿ. ನಮ್ಮ ಕಡೆ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಗಾಡಿಗೆ ಇಲಿ ಕಾಟ ಇದ್ದದ್ದೇ. ಸ್ವಿಚ್ ಸವೆದಿದ್ದರೆ ಒಂದು ಗುರುತಿದೆ: ಸೆಲ್ಫ್ ಹೊಡೆಯುವಷ್ಟು ಹೊತ್ತು ಹಿಡಿಯದ ಇಂಜಿನ್ ಕೀ ಬಿಟ್ಟ ಕ್ಷಣದಲ್ಲಿ ಟಪ್ ಅಂತ ಹತ್ತಿಕೊಳ್ಳಲು ನೋಡುತ್ತದೆ. ಕೀ ತಿರುಗಿಸಿ ಹಿಡಿದಾಗ ಆ ಸ್ವಿಚ್ಚು ಕಾಯಿಲ್‌ಗೆ ಕರೆಂಟ್ ಕೊಡುತ್ತಿಲ್ಲ, ಅಷ್ಟೇ.

ಪ್ಲಸ್‌ನಲ್ಲಿ ಕರೆಂಟ್ ಇದ್ದರೆ ಬಲ್ಬಿನ ಒಂದು ವೈರ್ ಕಾಯಿಲ್‌ನ ನೆಗೆಟಿವ್‌ಗೆ, ಇನ್ನೊಂದು ಗಾಡಿಯ ಲೋಹದ ಮೈಗೆ ಕೊಟ್ಟು ಸೆಲ್ಫ್ ಹೊಡೆಸಿ. ಬಲ್ಬು ಮಿಣಮಿಣ ಅಂದರೆ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲ್‌ನ ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್ಚು) ಕೆಲಸ ಮಾಡುತ್ತಿದೆ. ಹಾಗಿದ್ದೂ ಕಾಯಿಲ್‌ನ ನಡುವಿನ ದಪ್ಪ ವೈರಿನಲ್ಲಿ ಕಿಡಿ ಇಲ್ಲದಿದ್ದರೆ, ಆಗ ಕಾಯಿಲ್ ಬೈಯಿರಿ. ಮಿಣುಕದಿದ್ದರೆ ತಪ್ಪು ಹೆಚ್ಚಾಗಿ ಪಾಯಿಂಟಿನದು, ಎಲೆಕ್ಟ್ರಾನಿಕ್ ಆದರೆ ಪಾಯಿಂಟಿನ ಬದಲು ಒಳಗಿರುವ ಮಾಡ್ಯೂಲಿನದು. ಪಾಯಿಂಟ್ ಸ್ವಲ್ಪ ಉಜ್ಜಿ, ಗ್ಯಾಪ್ 0.4ರಿಂದ 0.5 ಮಿ.ಮೀ. ಇಡಿ. ಹೊಸ ಪಾಯಿಂಟ್ ಕೂಡ ಬೇಗ ಸುಟ್ಟು ಗುಂಡಿ ಬೀಳುತ್ತಿದ್ದರೆ, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಬದಲಾಯಿಸಿ. ನೋಡುತ್ತಾ ಕೂತಾಗ ಕೀ ಸುಮ್ನೆ ಆನ್ ಇಟ್ಟುಬಿಡಬೇಡಿ, ಕಾಯಿಲ್ ಕಾದು ಕೆಡುತ್ತದೆ.

ನಡುವಿನ ವೈರಿನಲ್ಲಿ ಒಳ್ಳೇ ಕಿಡಿ, ಪ್ಲಗ್ಗಿನಲ್ಲಿ ಇಲ್ಲ ಅಂದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳವಾದ ಕ್ಯಾಪು, ಅದರೊಳಗೆ ತಿರುಗುವ ರೋಟರು ನೋಡಿ. ಮಲೆನಾಡಿನ ಮಳೆಗೆ ಬಲಿಯಾಗುವುದು ಹೆಚ್ಚಾಗಿ ಇವೇ. ವೈರ್ ಕೀಳುವ ಮೊದಲು ಗುರುತು ಹಾಕಿಕೊಳ್ಳಿ, ಫೈರಿಂಗ್ ಆರ್ಡರ್ (ಮೂರು ಸಿಲಿಂಡರಿಗೆ ಕಿಡಿ ಹೋಗುವ ಸರದಿ) 1-3-2. ಕ್ಯಾಪಿನ ಒಳಗೆ ಬೆವರಿದಂತೆ ಹನಿ ಇರುತ್ತದೆ, ಒರೆಸಿ. ಪೆನ್ಸಿಲ್ಲಿನಲ್ಲಿ ಗೀಚಿದಂಥ ಸಣ್ಣ ಕಪ್ಪು ಗೆರೆ ಕಂಡರೆ ಮಾತ್ರ ಒರೆಸಿ ಪ್ರಯೋಜನವಿಲ್ಲ, ಕರೆಂಟ್ ಓಡಿ ಸುಟ್ಟ ದಾರಿ ಅದು, ಹೊಸ ಕ್ಯಾಪೇ ಬೇಕು. ಪ್ಲಗ್ ವೈರ್ ಸೋರುತ್ತಿದೆಯಾ ಅಂತ ಅನುಮಾನ ಇದ್ದರೆ, ಗಾಡಿ ಹೇಗೋ ಸ್ಟಾರ್ಟ್ ಆದ ಮೇಲೆ, ಕತ್ತಲಲ್ಲಿ ಸೀಟು ಎತ್ತಿ ನೋಡಿ. ಸೋರುವ ಕಡೆ ನೀಲಿ ಮಿಂಚು ಹರಿದಾಡುತ್ತದೆ. ಚೆಂದ ಕಾಣುತ್ತದೆ, ಮುಟ್ಟಬೇಡಿ.

ಬೆಳಿಗ್ಗೆ ಸರಿ ಇದ್ದು ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ಕೆಮ್ಮಿ ನಿಲ್ಲುವ ಗಾಡಿಯೂ ಇದೆ. ಅರ್ಧ ಗಂಟೆ ಆರಿದ ಮೇಲೆ ಏನೂ ಆಗದವರ ಹಾಗೆ ಹೊರಡುತ್ತದೆ. ಕಾದಾಗ ಕಾಯಿಲ್ ಅಥವಾ ಮಾಡ್ಯೂಲ್ ಒಳಗೆ ಕಡಿದುಹೋಗುವುದು ಇದಕ್ಕೆ ಒಂದು ಕಾರಣ. ತಣ್ಣಗಿದ್ದಾಗ ಮೀಟರ್ ಇಟ್ಟರೆ ಎಲ್ಲ ಸರಿ ಅನ್ನುತ್ತದೆ, ನಿಂತ ಜಾಗದಲ್ಲೇ ಬಿಸಿಯಲ್ಲೇ ಕಿಡಿ ನೋಡಬೇಕು.

ಬೆಳಿಗ್ಗೆ ತುರ್ತಿದ್ದರೆ ನಾನು ಮಾಡುವುದು ಇಷ್ಟು: ಕ್ಯಾಪು, ರೋಟರು ಬಿಚ್ಚಿ ಒರೆಸಿ ಬಚ್ಚಲ ಒಲೆಯ ಪಕ್ಕದ ಕಟ್ಟೆ ಮೇಲೆ ಹತ್ತು ನಿಮಿಷ ಇಡುತ್ತೇನೆ. ಬೆಂಕಿಗೆ ತೀರಾ ಹತ್ತಿರ ಬೇಡ, ಕೈಗೆ ಬೆಚ್ಚಗಾದರೆ ಸಾಕು. ಕಾಫಿ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ.