ಈಜಿಪ್ಟಿನ ದೇವತೆಗಳ ವಂಶವೃಕ್ಷವನ್ನು ಬರೆಯುವ ಬಗೆ

ಪ್ರಾಚೀನ ಈಜಿಪ್ಟಿನ ದೇವತೆಗಳ ವಂಶವೃಕ್ಷವನ್ನು ಬರೆಯಹೊರಟವರು ಮೊದಲು ಯಾವ ನಗರದ ಕಥೆಯನ್ನು ಅನುಸರಿಸಬೇಕೆಂದು ನಿರ್ಧರಿಸಬೇಕು. ಏಕೆಂದರೆ ಅಲ್ಲಿನ ದೊಡ್ಡ ದೇವಾಲಯ ನಗರಗಳು ಸೃಷ್ಟಿಯನ್ನು ಬೇರೆ ಬೇರೆ ರೀತಿಯಲ್ಲಿ ವಿವರಿಸುತ್ತಿದ್ದವು. ಆರಂಭಕ್ಕೆ ಹೀಲಿಯೋಪೊಲಿಸ್ ನಗರದ ಸಂಪ್ರದಾಯವೇ ಅನುಕೂಲ.

ಹಾಳೆಯ ಮೇಲ್ತುದಿಯಲ್ಲಿ ಆದಿಜಲವಾದ ನೂನ್‌ನನ್ನೂ ಅದರ ಕೆಳಗೆ ಆ ನೀರಿನಿಂದ ಸ್ವಯಂಭುವಾಗಿ ಮೂಡಿದ ಆಟುಮ್‌ನನ್ನೂ ಬರೆಯಿರಿ. ಆಟುಮ್‌ನಿಗೆ ಪತ್ನಿಯಿಲ್ಲ, ಒಂದು ಪಾಠದ ಪ್ರಕಾರ ಅವನ ಉಗುಳಿನಿಂದಲೇ ವಾಯುದೇವ ಶೂ ಮತ್ತು ಅವನ ಸೋದರಿ ಟೆಫ್ನುಟ್ ಹುಟ್ಟಿದರು. ಇವರ ಮಕ್ಕಳು ಗೆಬ್ ಮತ್ತು ನುಟ್. ಭೂಮಿಯನ್ನು ತಾಯಿಯೆಂದೇ ಕರೆದು ಬೆಳೆದ ನಾವು ತಪ್ಪುವುದು ಇಲ್ಲಿಯೇ: ಈಜಿಪ್ಟಿನಲ್ಲಿ ಭೂಮಿಯಾದ ಗೆಬ್ ಗಂಡು, ಆಕಾಶವಾದ ನುಟ್ ಹೆಣ್ಣು. ಮಲಗಿದ ಗೆಬ್‌ನ ಮೇಲೆ ಕಮಾನಿನಂತೆ ಬಾಗಿದ ನುಟ್‌ಳನ್ನು ಶೂ ಎತ್ತಿಹಿಡಿದಿರುವ ಪಪೈರಸ್ ಚಿತ್ರವನ್ನು ಒಮ್ಮೆ ನೋಡಿದರೆ ಈ ಗೊಂದಲ ಉಳಿಯದು.

ಆಟುಮ್‌ನಿಂದ ಎಣಿಸಿದರೆ ನಾಲ್ಕನೆಯ ಸಾಲಿನಲ್ಲಿ ಗೆಬ್ ಮತ್ತು ನುಟ್‌ರ ಮಕ್ಕಳಾದ ಒಸೈರಿಸ್, ಐಸಿಸ್, ಸೆತ್, ನೆಫ್ತಿಸ್ ಬರುತ್ತಾರೆ. ಒಸೈರಿಸ್‌ಗೆ ಐಸಿಸ್‌ಳನ್ನೂ ಸೆತ್‌ಗೆ ನೆಫ್ತಿಸ್‌ಳನ್ನೂ ಜೋಡಿಸಿರಿ. ನೂನ್‌ನನ್ನು ಬಿಟ್ಟು ಎಣಿಸಿದರೆ 9 ಹೆಸರುಗಳಾಗಬೇಕು. ಐಸಿಸ್‌ಳ ಮಗ ಹೋರಸ್‌ನನ್ನು ಅವರ ಕೆಳಗೆ ಪ್ರತ್ಯೇಕವಾಗಿ ಬರೆಯಿರಿ.

ಹರ್ಮೋಪೊಲಿಸ್ ನಗರದ ನಾಲ್ಕು ಆದಿದಂಪತಿಗಳಿಗೂ, ಹೃದಯದಲ್ಲಿ ಯೋಚಿಸಿ ನಾಲಗೆಯಿಂದ ನುಡಿದು ಜಗತ್ತನ್ನು ಸೃಷ್ಟಿಸಿದ ಮೆಂಫಿಸ್‌ನ ಪ್ತಾಹ್‌ನಿಗೂ ಬೇರೆ ಹಾಳೆಗಳನ್ನೇ ಬಳಸಿರಿ. ಈ ಕೊನೆಯ ಕಥೆಯನ್ನು ಹೊತ್ತ, ದೊರೆ ಶಬಾಕನ ಹೆಸರಿನ ಶಿಲೆ ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.