ಇಲ್ಲಿ ಆ ರಾತ್ರಿ ಫೋನ್ ಬರುವುದಿಲ್ಲ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಇಂಗ್ಲೆಂಡಿಗೆ ಹೊಸದಾಗಿ ಬಂದವರು ನನ್ನನ್ನು ಕೇಳುವುದು ಮೂರೇ ಮಾತು. ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ, ಬಾಡಿಗೆ ಎಷ್ಟು, ಮಕ್ಕಳಿಗೆ ಯಾವ ಶಾಲೆ. ರಕ್ತ ಎಲ್ಲಿ ಕೊಡಬೇಕು ಅಂತ ಒಬ್ಬರೂ ಕೇಳಿಲ್ಲ. ನಾನೂ ಆರು ವರ್ಷ ಕೇಳಿರಲಿಲ್ಲ ಬಿಡಿ.

ಊರಲ್ಲಿ ಕೊಡುತ್ತಿರಲಿಲ್ಲ ಅಂತಲ್ಲ. ಕಲಬುರಗಿಯ ಹಾಸ್ಟೆಲಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತಿತ್ತು, ಯಾರೋ ಜೇವರ್ಗಿ ಕಡೆಯವರಂತೆ, ಬಿ ಪಾಸಿಟಿವ್ ಬೇಕಂತೆ, ಸಿಕ್ಕ ಟಂಟಂ ಹತ್ತಿ ಓಡುತ್ತಿದ್ದೆವು. ಒಮ್ಮೆ ಹಾಗೆ ಕೊಟ್ಟು ತಿಂಗಳಾದ ಮೇಲೆ ಆ ಹುಡುಗನ ಅಪ್ಪ ನನ್ನನ್ನು ಹುಡುಕಿಕೊಂಡು ಬಂದ. ಹೆಗಲ ಮೇಲಿನ ಚೀಲ ಇಳಿಸಿ, "ತಮ್ಮಾ, ನಿನ್ನ ರಕ್ತ ನಮ್ಮ ಹುಡುಗನ ಮೈಯಾಗ ಅದ. ಇದು ನಮ್ಮ ಹೊಲದ ತೊಗರಿ, ತಗೋ" ಅಂದ. ಹಾಸ್ಟೆಲಿನಲ್ಲಿ ಆ ಬೇಳೆ ಏನು ಮಾಡುವುದು? ಮೆಸ್ಸಿಗೆ ಕೊಟ್ಟೆವು.

ಇಲ್ಲಿ ಆ ಫೋನ್ ಬರುವುದಿಲ್ಲ. ರಕ್ತ ತಂದುಕೊಡಿ ಅಂತ ರೋಗಿಯ ಮನೆಯವರನ್ನು ಓಡಿಸುವುದಿಲ್ಲ. ಯಾರೂ ಕೇಳುತ್ತಿಲ್ಲ ಅಂದರೆ ಬೇಕಿಲ್ಲ ಅಂದುಕೊಂಡೆ. ದೊಡ್ಡ ತಪ್ಪು ಅದೇ. ಕೆಂಪು ಕಣಗಳನ್ನು ಇಲ್ಲಿ 35 ದಿನ ಇಡುತ್ತಾರೆ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಒಂದು ವಾರದಾಚೆಗೆ ಬಾಳುವುದಿಲ್ಲ. ಯಾರಾದರೂ ಕೊಡುತ್ತಲೇ ಇರಬೇಕು, ಅಷ್ಟೇ. ಅದರಲ್ಲೂ ನಮ್ಮ ಕಡೆಯವರಲ್ಲಿ ಬಿ ಗುಂಪು ಇಲ್ಲಿನ ಬಿಳಿಯರಿಗಿಂತ ಜಾಸ್ತಿ. ಥಲಸ್ಸೀಮಿಯಾ, ಅಂದರೆ ಮೈಯಲ್ಲಿ ರಕ್ತ ಸರಿಯಾಗಿ ಆಗದ ಹುಟ್ಟು ಕಾಯಿಲೆ, ಇರುವ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಬರೀ ಎ, ಬಿ, ಒ ಕೂಡಿದರೆ ಸಾಲದು, ಒಳಗಿನ ಸಣ್ಣ ಗುಂಪುಗಳೂ ಹೊಂದಬೇಕು. ಅದು ನಮ್ಮ ನಮ್ಮ ಮೂಲದವರಲ್ಲೇ ಸಿಗುವ ಸಾಧ್ಯತೆ ಹೆಚ್ಚು.

ಕೊನೆಗೂ ಬುದ್ಧಿ ಬಂದು ರಕ್ತ ಕೊಡಲು ಹೋದೆ. ಹೋಗಿದ್ದು ಶ್ರಾವಣ ಸೋಮವಾರ, ಉಪವಾಸ! ತಿಂಡಿ ಆಯ್ತಾ ಅಂದ ನರ್ಸಮ್ಮನಿಗೆ ಹೂಂ ಅಂದೆ. ಪುಣ್ಯದ ಕೆಲಸಕ್ಕೆ ಹೊಟ್ಟೆ ಖಾಲಿ ಇದ್ದರೇ ಒಳ್ಳೆಯದು ಅನ್ನೋ ನಮ್ಮ ತಲೆ ನೋಡಿ. 470 ಮಿಲಿ ತೆಗೆದ ಮೇಲೆ ಏಳಲು ಹೋದವನು ಕಣ್ಣು ಕತ್ತಲಾಗಿ ಬಿದ್ದೆ. ಎಚ್ಚರ ಆದಾಗ ಮೂರು ಜನ ನನ್ನ ಕಾಲು ಎತ್ತಿ ಹಿಡಿದಿದ್ದರು. ವಾರದ ದಿನ ಯಾವುದೇ ಇರಲಿ, ರೋಜಾ ಇರಲಿ, ಉಪವಾಸ ಇರುವ ದಿನ ಹೋಗಬೇಡಿ. ರೊಟ್ಟಿ ಪಲ್ಯ ತಿಂದು, ಅರ್ಧ ಲೀಟರ್ ನೀರು ಕುಡಿದು ಹೋಗಿ. ಊಟದ ಬೆನ್ನಿಗೇ ಚಹಾ ಕುಡಿಯುವ ಚಟವಂತೂ ಬಿಡಿ, ಪುಂಡಿ ಪಲ್ಯದ ಕಬ್ಬಿಣ ಮೈಗೆ ಹತ್ತಲು ಅದು ಬಿಡುವುದಿಲ್ಲ. ಇಲ್ಲಿ ಹಿಮೋಗ್ಲೋಬಿನ್ ಗಂಡಸರಿಗೆ 13.5, ಹೆಂಗಸರಿಗೆ 12.5 ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ.

ಮುಂದಿನ ವರ್ಷ ಮಾರ್ಚಿನಲ್ಲಿ ಶರಣಬಸವೇಶ್ವರ ಜಾತ್ರೆಗೆ ಊರಿಗೆ ಹೋಗಿ ಬಂದು ಏಪ್ರಿಲಿನಲ್ಲಿ ಹೋದೆ. ಆಗಲ್ಲ ಅಂದರು. ನಾನು ಸುಮ್ನೆ ಬರಲಿಲ್ಲ, ನಮ್ಮ ದೇಶದ ರಕ್ತ ನಿಮಗೆ ಹೊಲಸಾ ಅಂತ ಜಗಳ ತೆಗೆದೆ. ಅಲ್ಲಿನ ನರ್ಸಮ್ಮ ಬೇಸರ ಮಾಡಿಕೊಳ್ಳದೆ ವಿವರಿಸಿದಳು. ಮಲೇರಿಯಾದ ಜೀವಿ ಕೆಂಪು ಕಣದೊಳಗೇ ಕೂರುತ್ತದೆ, ಜ್ವರ ಬರದೆಯೂ ಇರಬಹುದು, ಅದಕ್ಕೇ ಊರಿಂದ ಬಂದ ಮೇಲೆ ನಾಲ್ಕು ತಿಂಗಳು ಕಾಯಬೇಕು. ಅಲ್ಲೇ ಹುಟ್ಟಿ ಬೆಳೆದ ನಮಗೆ ಮಲೇರಿಯಾ ಪರೀಕ್ಷೆಯೂ ಬೇಕು. ಇವತ್ತಿಗೂ ಆ ಜಗಳ ನೆನೆದರೆ ನಾಚಿಕೆಯಾಗುತ್ತದೆ.

ಆದರೂ ಪಾಠ ಪೂರ್ತಿ ಕಲಿತೆನಾ? ಇಲ್ಲ. ರಾಜ್ಯೋತ್ಸವಕ್ಕೆ ನಮ್ಮ ಕನ್ನಡದವರನ್ನು ಕಟ್ಟಿಕೊಂಡು ಹದಿನಾಲ್ಕು ಜನ ಹೋದೆವು, ಕೆಂಪು ಹಳದಿ ಶಾಲು ಬೇರೆ. ಒಂಬತ್ತು ಜನ ವಾಪಸ್. ಎಲ್ಲರೂ ಆಗಸ್ಟ್ ರಜೆಗೆ ಊರಿಗೆ ಹೋಗಿ ಬಂದವರೇ! ಹಾಗಾಗಿ ಈಗ ಜೂನಿನಲ್ಲೇ, ಟಿಕೆಟ್ ಹಾರುವ ಮೊದಲೇ ಹೋಗುತ್ತೇವೆ.

ಉಳಿದದ್ದು ಬೇಗ ಹೇಳುತ್ತೇನೆ. ಮೊದಲ ಸಲ ಕೊಡುವವರ ವಯಸ್ಸು 17ರಿಂದ 65, ತೂಕ ಕಡಿಮೆ ಅಂದರೂ 50 ಕಿಲೋ, ಗಂಡಸರು 12 ವಾರಕ್ಕೊಮ್ಮೆ, ಹೆಂಗಸರು 16 ವಾರಕ್ಕೊಮ್ಮೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ರಕ್ತದಾನದ ಆ್ಯಪ್‌ನಲ್ಲಿ ಸಮಯ ಹಿಡಿಯಿರಿ. 1980ರ ನಂತರ ರಕ್ತ ಹಾಕಿಸಿಕೊಂಡವರಿಂದ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ನನ್ನ ಹೆಂಡತಿಗೆ ಮೊದಲ ಹೆರಿಗೆಯಲ್ಲಿ ಎರಡು ಬಾಟಲಿ ಹಾಕಿದ್ದರು. ಇಸಕೊಂಡವಳು ನಾನು, ಕೊಡೋಕೆ ಆಗಲ್ಲ ಅಂತ ಅವಳಿಗೆ ಇಂದಿಗೂ ಕೊರಗು. ಜೂನಿನ ಆ ದಿನ ಬೆಳಿಗ್ಗೆ ಎಲ್ಲರಿಗೂ ರೊಟ್ಟಿ ಬಡಿಯುವುದು ಅವಳೇ.

ಮಗಳು 17 ತುಂಬಿದ ತಿಂಗಳೇ ಹೋಗಿ ಕೊಟ್ಟು ಬಂದಳು, ನನಗೆ ಹೇಳಲೂ ಇಲ್ಲ. ಆಮೇಲೊಂದು ದಿನ ಅವಳ ಫೋನಿಗೆ ಮೆಸೇಜ್ ಬಂತು, ನಿಮ್ಮ ರಕ್ತ ಇಂಥ ಆಸ್ಪತ್ರೆಗೆ ಹೋಯಿತು ಅಂತ. "ಯಾರಿಗಂತೆ?" ಅಂದೆ. "ಗೊತ್ತಿಲ್ಲಪ್ಪ. ಯಾಕೆ?" ಅಂದಳು. ಯಾಕೆ ಅಂತ ಏನು ಹೇಳಲಿ? ಊರಲ್ಲಿ ನಮಗೆ ಮೊದಲು ಬೇಕಿದ್ದದ್ದು ಅದೇ ಅಲ್ವಾ, ಯಾರಿಗೆ, ಯಾವ ಊರು, ಯಾರ ಪೈಕಿ. ಆ ಪ್ರಶ್ನೆಯಲ್ಲಿ ಏನೇನು ಅಡಗಿತ್ತು ಅಂತ ನಿಮಗೂ ಗೊತ್ತು. ಅದು ಅವಳಿಗೆ ಹತ್ತಲಿಲ್ಲ, ಒಳ್ಳೆಯದೇ ಆಯಿತು. ಆದರೆ ಅವಳನ್ನು ಹುಡುಕಿಕೊಂಡು ಯಾರೂ ತೊಗರಿ ಚೀಲ ಹೊತ್ತು ಬರುವುದೂ ಇಲ್ಲ. ಅದನ್ನು ಅವಳಿಗೆ ಹೇಳಿದೆ. "ಬಂದಿದ್ದ ಬೇಳೆ ನೀವು ಮೆಸ್ಸಿಗೆ ಕೊಟ್ಟಿರಲ್ಲ" ಅಂದು ನಕ್ಕಳು.

ನೀವು ವಿಮಾನ ಇಳಿದ ತಾರೀಖಿಗೆ ನಾಲ್ಕು ತಿಂಗಳು ಸೇರಿಸಿ ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಹತ್ತಿರದಲ್ಲಿದ್ದರೆ ನನ್ನ ಕಾರಿನಲ್ಲೇ ಬನ್ನಿ, ರೊಟ್ಟಿ ನಮ್ಮ ಮನೆಯಲ್ಲೇ ಆಗಿರುತ್ತದೆ.